ಮನೆಯ ಕೆಳಗಿನ ನೆಲ ಯಾರದು?

ಅರ್ಧಕ್ಕೆ ನಿಂತ ಘರಕುಲ, ಅಂದರೆ ಸರ್ಕಾರಿ ನೆರವಿನ ಮನೆ, ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಗಡಿಯಲ್ಲಿ ಕನ್ನಡ ಮಾತನಾಡುವ ಜತ್ತ ತಾಲ್ಲೂಕಿನಲ್ಲಿ ಅಪರೂಪದ ನೋಟವಲ್ಲ. ಗೋಡೆ ಲಿಂಟಲ್ ಮಟ್ಟಕ್ಕೆ ಬಂದು ನಿಂತಿರುತ್ತದೆ. ಮೂಲೆಗಂಬಗಳಿಂದ ಮೇಲೆದ್ದ ಸರಳುಗಳಿಗೆ ತುಕ್ಕು ಹಿಡಿದಿರುತ್ತದೆ. ಒಳಗೆ ಹಾಸುಗಲ್ಲು ಬೀಳಬೇಕಾದ ಜಾಗದಲ್ಲಿ ಕುರಿಹಿಕ್ಕೆ. ಮಗ್ಗುಲಲ್ಲೇ ಪತ್ರಾಸಿನ ಶೆಡ್ಡು, ಅದರ ಬಾಗಿಲಿಗೆ ಕೀಲಿ. ದೀಪಾವಳಿ ಕಳೆದ ಮೇಲೆ ಹೋದರಂತೂ ಮನೆಯವರು ಸಿಗುವುದಿಲ್ಲ. ಕಬ್ಬು ಕಡಿಯುವ ಕೊಯ್ತಾ ಹಿಡಿದು ಕಬ್ಬಿನ ಸೀಮೆಗೆ ಹೋಗಿರುತ್ತಾರೆ. ಪಂಚಾಯತಿಯವರನ್ನು ಕೇಳಿದರೆ ಫಲಾನುಭವಿ ಕಟ್ಟಲಿಲ್ಲ ಎನ್ನುತ್ತಾರೆ. ಫಲಾನುಭವಿಯನ್ನು ಕೇಳಿದರೆ "ರೊಕ್ಕ ಸಾಲಲಿಲ್ಲರೀ" ಎನ್ನುತ್ತಾನೆ. ಇಬ್ಬರದೂ ಸುಳ್ಳಲ್ಲ. ಆದರೆ ರೊಕ್ಕ ಇನ್ನಷ್ಟು ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನನಗೆ ಅನಿಸುವುದಿಲ್ಲ. ಬಡವನಿಗೆ ಮನೆ ಕೊಡುವ ನಮ್ಮ ಬಹುತೇಕ ಯೋಜನೆಗಳು ಅವನನ್ನು ಒಬ್ಬಂಟಿಯಾಗಿ ನಿಲ್ಲಿಸಿ ಮಾತನಾಡಿಸುತ್ತವೆ. ಮೂಲ ತೊಡಕು ಅಲ್ಲಿದೆ.

ಲೆಕ್ಕ ನೋಡಿ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ ಬಯಲುಸೀಮೆಯ ಮನೆಗೆ 1.20 ಲಕ್ಷ ರೂಪಾಯಿ. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ಉದ್ಯೋಗ ಖಾತ್ರಿಯಲ್ಲಿ 90 ದಿನದ ಕೂಲಿ, ಶೌಚಾಲಯಕ್ಕೆ 12,000 ಬೇರೆ. ಸಿಮೆಂಟು, ಕಬ್ಬಿಣ, ಮರಳಿನ ದರ ಆ ವರ್ಷದಲ್ಲೇ ನಿಂತಿಲ್ಲ. ಕೇಂದ್ರದ ಮೊತ್ತ ಮಾತ್ರ ನಿಂತಿತು. ಮಹಾರಾಷ್ಟ್ರ ಸರ್ಕಾರ 2025ರಲ್ಲಿ ತನ್ನ ಕಡೆಯಿಂದ 50,000 ಸೇರಿಸಲು ಮುಂದಾಯಿತು, ಒಳ್ಳೆಯದೇ. ಆದರೆ ಹಣ ಬರುವುದು ಕಂತಿನಲ್ಲಿ. ಬುನಾದಿಯ ಫೋಟೊ ಮೊಬೈಲಿನಲ್ಲಿ ಸ್ಥಳದ ಗುರುತಿನೊಂದಿಗೆ ಏರಿದ ಮೇಲೆ ಮುಂದಿನ ಕಂತು, ಗೋಡೆಯ ಫೋಟೊ ಏರಿದ ಮೇಲೆ ಅದರ ಮುಂದಿನದು. ಕಬ್ಬು ಕಡಿಯುವವನ ವರ್ಷ ಈ ಲೆಕ್ಕಕ್ಕೆ ಹೊಂದುವುದಿಲ್ಲ. ಕೂಲಿ ಗುತ್ತಿಗೆಯ ಮುಕಾದಮನಿಂದ ಉಚಲು, ಅಂದರೆ ಮುಂಗಡ, ಹಿಡಿದವನು ಕಾರ್ಖಾನೆಯ ಹಂಗಾಮು ಮುಗಿಯುವ ತನಕ ಊರಿಗೆ ಬರಲಾರ. ಗಂಡ ಹೆಂಡತಿ ಇಬ್ಬರೂ ಕೃಷ್ಣಾ ದಂಡೆಯ ಕಬ್ಬಿನ ಫಡದಲ್ಲಿದ್ದರೆ ಬುನಾದಿ ತೆಗೆಯುವವರು ಯಾರು, ಫೋಟೊಕ್ಕೆ ನಿಲ್ಲುವವರು ಯಾರು? ಯುಗಾದಿಗೆ ಮರಳಿದಾಗ ಬಿಸಿಲು ಏರಿರುತ್ತದೆ, ಜತ್ತದ ಪೂರ್ವಭಾಗದಲ್ಲಿ ಕುಡಿಯಲಿಕ್ಕೇ ಟ್ಯಾಂಕರ್ ಕಾಯಬೇಕು, ಗೋಡೆಗೆ ನೀರು ಹೊಡೆಯುವುದು ಎಲ್ಲಿಂದ?

ಇದು ಮನೆ ಮಂಜೂರಾದವನ ಪಾಡು. ಜಾಗವೇ ಇಲ್ಲದವನದು ಬೇರೆ. ಮನೆ ಮಂಜೂರಾಗಬೇಕಾದರೆ ಗಾವಠಾಣದಲ್ಲಿ, ಅಂದರೆ ಊರಿನ ವಸತಿ ನೆಲದಲ್ಲಿ, ಜಾಗ ತೋರಿಸಬೇಕು, ಪಂಚಾಯತಿಯ ಆಸ್ತಿ ದಾಖಲೆಯಾದ ನಮೂನಾ ಎಂಟರಲ್ಲಿ ಹೆಸರಿರಬೇಕು. ಜಾಗ ಕೊಳ್ಳಲು ನೆರವು ಕೊಡುವ ದೀನದಯಾಳ ಉಪಾಧ್ಯಾಯರ ಹೆಸರಿನ ರಾಜ್ಯ ಯೋಜನೆ ಒಂದಿದೆ. ಮಾರುವವರು ಬೇಕಲ್ಲ? ಊರೊಳಗೆ ಜಾಗ ಇದ್ದವರು ದಲಿತನಿಗೆ, ಲಮಾಣಿಗೆ, ಕೈಕಾಡಿಗೆ ಮಾರಲು ಎಷ್ಟು ಉತ್ಸಾಹ ತೋರುತ್ತಾರೆ ಎಂಬುದು ಹಳ್ಳಿ ಬಲ್ಲವರಿಗೆ ಹೇಳಬೇಕಾಗಿಲ್ಲ. ಹಾಗಾಗಿ ಎರಡು ಮೂರು ತಲೆಮಾರಿನಿಂದ ಜನ ಗಾಯರಾನದಲ್ಲೇ, ಅಂದರೆ ಸರ್ಕಾರದ ಗೋಮಾಳದಲ್ಲೇ, ಗುಡಿಸಲು ಹಾಕಿಕೊಂಡಿದ್ದಾರೆ. 2022ರಲ್ಲಿ ಮುಂಬಯಿ ಹೈಕೋರ್ಟ್ ಗಾಯರಾನದ ಒತ್ತುವರಿಗಳನ್ನು ತೆರವು ಮಾಡುವ ವಿಷಯ ಕೈಗೆತ್ತಿಕೊಂಡಾಗ ರಾಜ್ಯದಲ್ಲಿ ಲಕ್ಷಗಟ್ಟಲೆ ಮನೆಗಳ ಮೇಲೆ ಕತ್ತಿ ತೂಗಿತು. ನೋಟಿಸು ಬಂದದ್ದು ಮರಾಠಿಯಲ್ಲಿ, ಒಬ್ಬೊಬ್ಬರ ಹೆಸರಿಗೆ. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಬಾರದ ಮುದುಕಿ ಅದನ್ನು ಯಾರ ಹತ್ತಿರ ಒಯ್ಯಬೇಕು? ತಲಾಠಿ ಹತ್ತಿರವೋ, ವಕೀಲರ ಹತ್ತಿರವೋ?

ಇದಕ್ಕೆ ಉತ್ತರ ದೂರದಲ್ಲಿಲ್ಲ, ಸೊಲ್ಲಾಪುರದ ಮಗ್ಗುಲಿನ ಕುಂಭಾರಿಯಲ್ಲಿದೆ. ದಕ್ಷಿಣ ಸೊಲ್ಲಾಪುರ ತಾಲ್ಲೂಕಿನ ಆ ಊರಿನ ಸುತ್ತಲೂ ಕನ್ನಡ ಮಾತನಾಡುವ ಹಳ್ಳಿಗಳಿವೆ. ಸೊಲ್ಲಾಪುರದ ಬೀಡಿ ಕಟ್ಟುವ ಹೆಂಗಸರು, ಅವರಲ್ಲಿ ತೆಲುಗಿನವರು, ಕನ್ನಡದವರು, ಮರಾಠಿಯವರು, ಮುಸ್ಲಿಮರು ಎಲ್ಲ ಇದ್ದಾರೆ, ಕಮ್ಯುನಿಸ್ಟ್ ನಾಯಕ ನರಸಯ್ಯ ಆಡಮ್ ಅವರ ಮುಂದಾಳುತನದಲ್ಲಿ ಸಹಕಾರಿ ಗೃಹನಿರ್ಮಾಣ ಸಂಘ ಕಟ್ಟಿಕೊಂಡರು. ವಾರಲಿ ಆದಿವಾಸಿಗಳ ಹೋರಾಟ ನಡೆಸಿದ ಗೋದೂತಾಯಿ ಪರುಳೇಕರ್ ಅವರ ಹೆಸರನ್ನು ಸಂಘಕ್ಕೆ ಇಟ್ಟರು. ಕೇಂದ್ರ, ರಾಜ್ಯ, ಕಾರ್ಮಿಕ ಹೆಂಗಸು ಮೂವರೂ ಪಾಲು ಹಾಕಿದರು. 10,000 ಮನೆಗಳು ಎದ್ದವು. 2006ರ ಸೆಪ್ಟೆಂಬರ್ 1ರಂದು ಪ್ರಧಾನಿ ಮನಮೋಹನ್ ಸಿಂಗ್ ಬಂದು ಕೀಲಿ ಕೊಟ್ಟರು. ಅಲ್ಲಿಗೇ ನಿಲ್ಲಲಿಲ್ಲ. ಅಸಂಘಟಿತ ಕಾರ್ಮಿಕರಿಗಾಗಿ ಅದೇ ಕುಂಭಾರಿಯಲ್ಲಿ 30,000 ಮನೆಗಳ ರೇ ನಗರ ಹುಟ್ಟಿತು. 2019ರ ಜನವರಿಯಲ್ಲಿ ಅಡಿಗಲ್ಲು ಹಾಕಿದ ನರೇಂದ್ರ ಮೋದಿಯವರೇ 2024ರ ಜನವರಿ 19ರಂದು 15,000 ಮನೆಗಳನ್ನು ಹಸ್ತಾಂತರಿಸಿದರು. ಕೆಂಬಾವುಟದ ಸಂಘ, ಕಾಂಗ್ರೆಸ್ಸಿನ ಪ್ರಧಾನಿ, ಬಿಜೆಪಿಯ ಪ್ರಧಾನಿ! ಸಂಘದ ಬೆನ್ನು ಗಟ್ಟಿಯಿದ್ದರೆ ಯಾವ ಸರ್ಕಾರವಾದರೂ ಬಂದು ಕೀಲಿ ಕೊಡುತ್ತದೆ. ಬೀಡಿ ಕಟ್ಟುವ ಹೆಂಗಸು ಒಬ್ಬಳೇ ಒಂದು ಅರ್ಜಿ ಬರೆದಿದ್ದರೆ ಅದು ಯಾವ ಕಪಾಟಿನಲ್ಲಿ ಮಲಗಿರುತ್ತಿತ್ತೋ.

ಹಾಗಂತ ಸಹಕಾರ ಎಂಬ ಹಲಗೆ ತೂಗಿಸಿದ ಕೂಡಲೇ ಬಡವರಿಗೆ ಮನೆ ಸಿಗುವುದಿಲ್ಲ. ಸಹಕಾರದ ವಿಷಯದಲ್ಲಿ ಕನ್ನಡಿಗರು ಯಾರಿಗೂ ಕಡಿಮೆಯಿಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ತೆರೆದದ್ದು 1905ರಲ್ಲಿ. ದೇಶದ ಮೊದಲ ಗೃಹನಿರ್ಮಾಣ ಸಹಕಾರ ಸಂಘ ಬೆಂಗಳೂರಿನದು, 1909ರದ್ದು. ಆದರೆ ಅದೇ ಬೆಂಗಳೂರಿನಲ್ಲಿ ನೌಕರರ ಹೆಸರಿನ ಗೃಹನಿರ್ಮಾಣ ಸಂಘಗಳು ಎಂಬತ್ತರ ದಶಕದಲ್ಲಿ ಏನಾದವು? ರೈತರ ಜಮೀನು ಸ್ವಾಧೀನ ಮಾಡಿಸಿ ಸೈಟು ಹಂಚುವ ದಂಧೆಯಾದವು. ದಲ್ಲಾಳಿಗಳ ಕೈವಾಡ ಕಂಡ ಸುಪ್ರೀಂ ಕೋರ್ಟ್ 1995ರಲ್ಲಿ ಎಚ್‌ಎಂಟಿ ನೌಕರರ ಸಂಘದ ಪ್ರಕರಣದಲ್ಲಿ ಸ್ವಾಧೀನವನ್ನೇ ರದ್ದುಮಾಡಿದ ತೀರ್ಪನ್ನು ಎತ್ತಿಹಿಡಿಯಿತು. ಸೈಟು ನೋಂದಣಿಯಾದ ದಿನವೇ ಸದಸ್ಯನಿಗೂ ಸಂಘಕ್ಕೂ ನಂಟು ಮುಗಿಯಿತು ಎಂದಾದರೆ ಅದು ಸಂಘವಲ್ಲ, ಸರದಿ ಸಾಲು. ಜತ್ತ ಸೇರಿರುವ ಸಾಂಗಲಿ ಜಿಲ್ಲೆಯ ಕಥೆಯನ್ನೂ ಒಮ್ಮೆ ನೆನೆಯಬೇಕು. ವಸಂತದಾದಾ ಪಾಟೀಲರ ಕಾಲದಿಂದ ಸಕ್ಕರೆ, ಹಾಲು, ಬ್ಯಾಂಕು ಎಲ್ಲದರಲ್ಲೂ ಸಹಕಾರ ಕಟ್ಟಿದ ಜಿಲ್ಲೆ ಅದು. ಕಬ್ಬು ಬೆಳೆಯುವವನಿಗೆ ಶೇರು ಸಿಕ್ಕಿತು, ಕಬ್ಬು ಕಡಿಯುವವನಿಗೆ ಸಿಗಲಿಲ್ಲ. ಕಾರ್ಖಾನೆಗೆ ಇಬ್ಬರೂ ಬೇಕು.

ಆದ್ದರಿಂದ ಜತ್ತದಂಥ ಕಡೆ ಕಟ್ಟಬೇಕಾದ ಸಂಘಕ್ಕೆ ಒಂದು ಕರಾರು ಇರಲೇಬೇಕು: ಮನೆ ಮನೆಯವರದು, ಅದರ ಕೆಳಗಿನ ನೆಲ ಸಂಘದ್ದು. ಇದು ವಿಚಿತ್ರವೆನಿಸಬಹುದು, ಆದರೆ ಇದರ ಬೇರು ಇರುವುದು ನಮ್ಮಲ್ಲೇ. ವಿನೋಬಾ ಭಾವೆಯವರ ಭೂದಾನ 1951ರಲ್ಲಿ ಶುರುವಾಗಿ ಗ್ರಾಮದಾನವಾಗಿ ಬೆಳೆಯಿತು. ನೆಲ ಊರಿನದು, ಉಳುಮೆ ಮನೆಯವರದು ಎಂಬ ಕಲ್ಪನೆ. ಅದನ್ನು ನೋಡಿ ಕಲಿತವರು ಅಮೆರಿಕದ ಜಾರ್ಜಿಯಾ ರಾಜ್ಯದ ಕರಿಯ ಜನರ ಹಕ್ಕಿನ ಹೋರಾಟಗಾರರು. 1969ರಲ್ಲಿ ಅವರು ನ್ಯೂ ಕಮ್ಯುನಿಟೀಸ್ ಎಂಬ ಸಂಸ್ಥೆ ಕಟ್ಟಿ ಐದು ಸಾವಿರಕ್ಕೂ ಹೆಚ್ಚು ಎಕರೆ ಕೊಂಡರು. ಅದೇ ಮಾದರಿ ಬೆಳೆದು ಇಂಗ್ಲೆಂಡಿಗೂ ಹೋಯಿತು. ಅಲ್ಲಿನ ಕಡಲತೀರದ ಸಣ್ಣ ಊರುಗಳಲ್ಲಿ ಪಟ್ಟಣದ ಶ್ರೀಮಂತರು ರಜೆಗೆಂದು ಮನೆ ಕೊಂಡು ಬೆಲೆ ಏರಿಸಿದಾಗ, ಊರಿನ ಮೀನುಗಾರ, ಶಿಕ್ಷಕಿ, ದಾದಿ ಉಳಿಯಲಿ ಎಂದು ಜನ ನೆಲ ಟ್ರಸ್ಟುಗಳನ್ನು ಕಟ್ಟಿಕೊಂಡರು. 2008ರ ಕಾಯ್ದೆಯೊಂದರಲ್ಲಿ ಅವಕ್ಕೆ ಕಾನೂನಿನ ವ್ಯಾಖ್ಯೆಯೂ ಸಿಕ್ಕಿತು. ವರ್ಧಾದ ಮುನಿ ವಿನೋಬಾರ ಮಾತು ಅಟ್ಲಾಂಟಿಕ್ ದಂಡೆಯಲ್ಲಿ ಮನೆ ಉಳಿಸುತ್ತಿದೆ, ಮಹಾರಾಷ್ಟ್ರದಲ್ಲಿ ಗಡಚಿರೋಲಿಯ ಮೇಂಢಾ ಲೇಖಾದಂಥ ಒಂದೊಂದು ಊರು ಬಿಟ್ಟರೆ ಅದನ್ನು ಕೇಳುವವರಿಲ್ಲ.

ಜಾರ್ಜಿಯಾದವರ ಕಥೆ ಸುಖಾಂತವಲ್ಲ, ಅದಕ್ಕೇ ಅದು ಜತ್ತಕ್ಕೆ ಹೆಚ್ಚು ಬೇಕು. ಬರ ಬಿತ್ತು. ಬಿಳಿಯ ರೈತರಿಗೆ ಸಿಕ್ಕ ಸರ್ಕಾರಿ ತುರ್ತು ಸಾಲ ಇವರಿಗೆ ವೇಳೆಗೆ ಸಿಗಲಿಲ್ಲ. ಸಾಲಕ್ಕೆ ಒತ್ತೆಯಿಟ್ಟ ನೆಲ 1985ರ ಹೊತ್ತಿಗೆ ಹರಾಜಾಯಿತು. ನೆಲವನ್ನು ಬೇಸಾಯದ ಸಾಲಕ್ಕೆ ಕಟ್ಟಿಹಾಕಿದರೆ ಮಳೆ ಕೈಕೊಟ್ಟ ವರ್ಷ ಮನೆಯೂ ಹೋಗುತ್ತದೆ. ಜತ್ತದಲ್ಲಿ ಮಳೆ ಕೈಕೊಡದ ವರ್ಷಗಳನ್ನೇ ಬೆರಳೆಣಿಸಿ ಹೇಳಬೇಕು.

ಇಲ್ಲಿ ಒಬ್ಬರು ಎದ್ದು ಕೇಳಬೇಕು, ಕೇಳಲೇಬೇಕು: ಸಮುದಾಯ ಅಂದರೆ ಯಾವ ಸಮುದಾಯ? ಹಳ್ಳಿಯನ್ನು ಆದರ್ಶವೆಂದು ಹೊಗಳುವವರಿಗೆ ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕೊಟ್ಟ ಏಟು ಇನ್ನೂ ಆರಿಲ್ಲ. ಊರಿನ ಕೈಗೆ ನೆಲ ಕೊಟ್ಟರೆ ಅದು ಊರ ಗೌಡಿಕೆಯ ಕೈಗೆ ಹೋಗುತ್ತದೆ, ಕೇರಿಯವನು ಬಾಡಿಗೆದಾರನಾಗುತ್ತಾನೆ. ಈ ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಸಮಾಧಾನವಿಲ್ಲ. ಒಂದೇ ದಾರಿ ಕಾಣುತ್ತದೆ: ಸಂಘ ಊರಿನದಾಗಬಾರದು, ಮನೆಯಿಲ್ಲದವರದೇ ಆಗಬೇಕು. ಸರಪಂಚರು ಅತಿಥಿಯಾಗಿ ಬರಲಿ, ಅಧ್ಯಕ್ಷರಾಗಿ ಬೇಡ. ಕುಂಭಾರಿಯಲ್ಲಿ ಕಾರ್ಮಿಕ ಸಂಘಟನೆ ಮೊದಲಿತ್ತು, ಗೃಹಸಂಘ ಆಮೇಲೆ ಬಂತು. ಜತ್ತದಲ್ಲಿ ಕಬ್ಬು ಕಡಿಯುವವರ ಟೋಳಿಗಳಿವೆ, ಹೆಂಗಸರ ಬಚತ್ ಗಟಗಳಿವೆ, ಅಂದರೆ ಉಳಿತಾಯ ಗುಂಪುಗಳು. ಹೊಸದಾಗಿ ಏನನ್ನೂ ಹುಟ್ಟಿಸಬೇಕಿಲ್ಲ. ಒಟ್ಟಿಗೆ ದುಡಿಯುವ, ಒಬ್ಬರ ಸಾಲಕ್ಕೆ ಇನ್ನೊಬ್ಬರು ಜಾಮೀನು ನಿಲ್ಲುವ ಜನ ಆಗಲೇ ಇದ್ದಾರೆ.

ಇನ್ನೊಂದು ಆಕ್ಷೇಪ ಇನ್ನೂ ನೇರ. ಶ್ರೀಮಂತನಿಗೆ ಸ್ವಂತ ಉತಾರ, ಬಡವನಿಗೆ ಮಾತ್ರ ಸಂಘದ ನೆಲವೇ? ತಾಯಿಯ ಆಸ್ಪತ್ರೆ ಖರ್ಚಿಗೆ, ಮಗಳ ಮದುವೆಗೆ ಜಾಗ ಮಾರುವ ಹಕ್ಕು ಅವನಿಗೆ ಬೇಡವೇ? ಬೇಕು, ಒಪ್ಪುತ್ತೇನೆ. ಆದರೆ ಕಷ್ಟಕಾಲದಲ್ಲಿ ಮಾರಿದ ಜಾಗಕ್ಕೆ ಯಾರೂ ಸರಿಯಾದ ಬೆಲೆ ಕಟ್ಟುವುದಿಲ್ಲ, ಮತ್ತೆ ಕೊಳ್ಳಲು ಆಗುವುದೂ ಇಲ್ಲ. ಸಂಘದ ಕರಾರಿನಲ್ಲಿ ಮನೆ ಮಕ್ಕಳಿಗೆ ಹೋಗುತ್ತದೆ. ಬಿಟ್ಟು ಹೋಗುವವನಿಗೆ ಗೋಡೆ, ಸ್ಲ್ಯಾಬಿನ ಖರ್ಚನ್ನು ಸಂಘ ಕೊಟ್ಟು ಮುಂದಿನ ಬಡವನಿಗೆ ಮನೆ ಕೊಡುತ್ತದೆ. ಕಳೆದುಕೊಳ್ಳುವುದು ನೆಲದ ಮೇಲಿನ ಲಾಭವನ್ನು ಮಾತ್ರ. ಅದು ಸಣ್ಣ ತ್ಯಾಗವೇನಲ್ಲ. ಅದಕ್ಕೆ ಪ್ರತಿಯಾಗಿ ಸಿಗುವುದು ನೋಟಿಸು ಬಂದ ದಿನ ಒಬ್ಬಂಟಿಯಾಗಿ ನಿಲ್ಲದ ಭದ್ರತೆ.

ಸಂಘ ನಡೆಸುವುದು ಭಾಷಣದ ಕೆಲಸವಲ್ಲ. ನಲವತ್ತು ಮನೆಗೆ ಒಟ್ಟಿಗೆ ಸಿಮೆಂಟು ತರಿಸಿದರೆ ದರ ಇಳಿಯುತ್ತದೆ, ಆದರೆ ಅದನ್ನು ಒಣಗಿದ ಜಾಗದಲ್ಲಿ ಇಡುವವರು, ಚೀಲ ಎಣಿಸುವವರು ಬೇಕು. ಸದಸ್ಯರು ಕಬ್ಬಿಗೆ ಹೋದ ಆರು ತಿಂಗಳು ಕೆಲಸ ನಡೆಯಬೇಕಾದರೆ ಊರಲ್ಲೇ ಉಳಿಯುವ ಗೌಂಡಿಗಳ ಒಂದು ತಂಡ ಬೇಕು. ಕೇರಳದಲ್ಲಿ ಕುಟುಂಬಶ್ರೀಯ ಹೆಂಗಸರು ಗಾರೆ ಕೆಲಸ ಕಲಿತು ಮನೆ ಕಟ್ಟಿಕೊಟ್ಟಿದ್ದಾರೆ. 1993ರ ಕಿಲ್ಲಾರಿ ಭೂಕಂಪದ ಬಳಿಕ ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಮನೆ ದುರಸ್ತಿಯ ಮೇಲ್ವಿಚಾರಣೆಗೆ ಊರೂರಲ್ಲಿ ಹೆಂಗಸರೇ ಸಂವಾದ ಸಹಾಯಕಿಯರಾಗಿ ನಿಂತಿದ್ದರು. ಸಿಮೆಂಟಿಗೆ ಮರಳು ಎಷ್ಟು ಎಂದು ಗುತ್ತಿಗೆದಾರನನ್ನು ಕೇಳಬಲ್ಲ ಒಬ್ಬ ಹೆಂಗಸು ಹತ್ತು ತಪಾಸಣಾ ವರದಿಗಿಂತ ಮೇಲು. ಮತ್ತೆ ಭಾಷೆ. ಠರಾವು, ಅರ್ಜಿ, ಲೆಕ್ಕಪತ್ರ ಮರಾಠಿಯಲ್ಲೇ ಇರಲಿ, ಕಚೇರಿಗೆ ಹೋಗಬೇಕಾದದ್ದು ಅದು. ಸಭೆ ಮಾತ್ರ ಕನ್ನಡದಲ್ಲಿ ನಡೆಯಬೇಕು. ಕೈಯೆತ್ತುವ ಮುಂಚೆ ಏನಕ್ಕೆ ಎತ್ತುತ್ತಿದ್ದೇವೆ ಎಂದು ತಿಳಿಯದ ಸದಸ್ಯರಿಂದ ಯಾವ ಸಂಘವೂ ಬದುಕಿಲ್ಲ. ಗಡಿ ವಿವಾದದ ಮೇಲೆ ಎಷ್ಟೋ ಠರಾವು ಪಾಸು ಮಾಡಿದ ಈ ಸೀಮೆಯವರಿಗೆ ಇದನ್ನು ಬೇರೆಯವರು ಕಲಿಸಬೇಕಾಗಿಲ್ಲ.

ಇದೆಲ್ಲ ಈಗಲೇ ಏಕೆ? ನೀರು ಬರುತ್ತಿದೆ. 2022ರ ಕೊನೆಗೆ ಕರ್ನಾಟಕ, ಮಹಾರಾಷ್ಟ್ರಗಳ ಗಡಿ ಗದ್ದಲ ಎದ್ದ ಮೇಲೆ ರಾಜ್ಯ ಸರ್ಕಾರ ಜತ್ತದ 65 ಹಳ್ಳಿಗಳಿಗೆ ವಿಸ್ತಾರಿತ ಮ್ಹೈಸಾಳ ನೀರಾವರಿ ಯೋಜನೆಯನ್ನು ಸುಮಾರು 2,000 ಕೋಟಿ ರೂಪಾಯಿಗೆ ಕೈಗೆತ್ತಿಕೊಂಡಿತು. ನೀರು ಬಂದ ಕಡೆ ದ್ರಾಕ್ಷಿ ಬರುತ್ತದೆ, ದಾಳಿಂಬೆ ಬರುತ್ತದೆ, ಅದರ ಹಿಂದೆಯೇ ಜಮೀನಿನ ದರ ಏರುತ್ತದೆ. ಇಂದು ಯಾರಿಗೂ ಬೇಡವಾದ ಕಲ್ಲುಭೂಮಿ ನಾಳೆ ಎಲ್ಲರಿಗೂ ಬೇಕಾಗುತ್ತದೆ. ಇನ್ನೊಂದು ಕಡೆ, ಸೌರ ಕೃಷಿ ವಾಹಿನಿ ಯೋಜನೆಯಲ್ಲಿ ರಾಜ್ಯ ಸರ್ಕಾರ ಸೌರ ವಿದ್ಯುತ್ ಘಟಕಗಳಿಗೆ ಗಾಯರಾನ ಸೇರಿದಂತೆ ಸರ್ಕಾರಿ ಜಮೀನನ್ನು ನಾಮಮಾತ್ರ ದರದಲ್ಲಿ ದೀರ್ಘಾವಧಿ ಗುತ್ತಿಗೆಗೆ ಕೊಡುತ್ತಿದೆ. ಕಂಪನಿಗೆ ಕೊಡಬಹುದಾದ ಗುತ್ತಿಗೆ ಕಬ್ಬು ಕಡಿಯುವವರ ಸಂಘಕ್ಕೆ ಏಕೆ ಆಗದು? ದನದ ಮೇವಿನ ಜಾಗ ಎಂಬ ತಕರಾರು ಸೌರ ಫಲಕಕ್ಕೆ ಅಡ್ಡ ಬರದಿದ್ದರೆ ಮನೆಗೆ ಮಾತ್ರ ಅಡ್ಡ ಬರಬಾರದು.

ಗ್ರಾಮಸಭೆ ವಾಡಿಕೆಯಂತೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರಂದು ನಡೆಯುತ್ತದೆ. ಜನವರಿಯದರಲ್ಲಿ ಕೊಯ್ತಾದವರು ಊರಲ್ಲಿರುವುದಿಲ್ಲ. ಮೇ 1ಕ್ಕೆ ಮರಳಿರುತ್ತಾರೆ. ಆ ದಿನ ಉಮದಿಯಲ್ಲಾಗಲಿ, ಸಂಖದಲ್ಲಾಗಲಿ ನಲವತ್ತು ಮನೆಯವರು ನಲವತ್ತು ಅರ್ಜಿ ಒಯ್ಯುವುದು ಬೇಡ. ಎಲ್ಲರ ಹೆಬ್ಬೆಟ್ಟು, ಸಹಿ ಇರುವ ಒಂದೇ ಅರ್ಜಿ ಒಯ್ಯಲಿ: ನೆಲವನ್ನು ಸಂಘದ ಹೆಸರಿಗೆ ಕೊಡಿ, ಮನೆ ನಾವು ಕಟ್ಟುತ್ತೇವೆ. ಅದನ್ನು ಮರಾಠಿಯಲ್ಲಿ ಬರೆದುಕೊಡಲು ಜತ್ತದ ಕನ್ನಡ ಶಾಲೆಗಳ ಮಾಸ್ತರರು ಒಂದು ಸಂಜೆ ಕೊಟ್ಟರೆ ಸಾಕು.