ಗದ್ದೆಯ ಲೆಕ್ಕ ಬರೆಯುವವರು ಯಾರು?

ಭತ್ತದ ಗದ್ದೆ ಭೂಮಿಯನ್ನು ಬಿಸಿ ಮಾಡುತ್ತದೆ ಎಂಬ ಮಾತು ಕಿವಿಗೆ ಬಿದ್ದರೆ ಮಲೆನಾಡಿನ ರೈತ ಮೊದಲು ನಗುತ್ತಾನೆ, ಆಮೇಲೆ ಸಿಟ್ಟಾಗುತ್ತಾನೆ. ಎರಡೂ ಸಹಜ. ಆದರೆ ಮಾತು ಸುಳ್ಳಲ್ಲ. ನೀರು ನಿಂತ ಕೆಸರಿನಲ್ಲಿ ಗಾಳಿಯಾಡುವುದಿಲ್ಲ. ಆಮ್ಲಜನಕವಿಲ್ಲದ ಆ ಕತ್ತಲಲ್ಲಿ ಬದುಕುವ ಸೂಕ್ಷ್ಮಜೀವಿಗಳು ಕೊಳೆಯುವ ಸೊಪ್ಪು, ಕೂಳೆ, ಬೇರುಗಳಿಂದ ಮೀಥೇನ್ ಅನಿಲವನ್ನು ಉತ್ಪಾದಿಸುತ್ತವೆ. ಅದರ ಬಹುಪಾಲು ಭತ್ತದ ಗಿಡದೊಳಗಿನ ಗಾಳಿನಾಳಗಳ ಮೂಲಕವೇ ಮೇಲೇರಿ ವಾತಾವರಣವನ್ನು ಸೇರುತ್ತದೆ. 100 ವರ್ಷಗಳ ಅವಧಿಯಲ್ಲಿ ತೂಕಕ್ಕೆ ತೂಕ ಹೋಲಿಸಿದರೆ ಮೀಥೇನ್ ಇಂಗಾಲದ ಡೈಆಕ್ಸೈಡಿನ ಸುಮಾರು 28 ಪಟ್ಟು ಶಾಖವನ್ನು ಹಿಡಿದಿಡುತ್ತದೆ. ಕೊಟ್ಟಿಗೆಯ ದನ ಮೆಲುಕು ಹಾಕುವಾಗ ತೇಗಿನೊಡನೆ ಹೊರಬರುವುದೂ ಇದೇ ಅನಿಲ. ಯೂರಿಯಾ ಎರಚಿದ ಮಣ್ಣಿನಿಂದ ಏಳುವ ನೈಟ್ರಸ್ ಆಕ್ಸೈಡ್ ಇನ್ನೂ ಉಗ್ರವಾದದ್ದು. ಅದರ ಶಕ್ತಿ 273 ಪಟ್ಟು.

ಅನಿಲ ಇದೆ, ಅಷ್ಟು ಒಪ್ಪಲೇಬೇಕು. ಅದನ್ನು ಅಳೆಯುವವರು ಯಾರು, ಯಾವ ಕೊಳಗದಲ್ಲಿ ಅಳೆಯುತ್ತಾರೆ, ಅಳೆದ ಮೇಲೆ ಯಾರ ತಲೆಗೆ ಕಟ್ಟುತ್ತಾರೆ ಎಂಬಲ್ಲಿ ಜಗಳವಿದೆ.

ಈ ಜಗಳ ಹಳೆಯದು. 1990ರ ಸುಮಾರಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಭಾರತದ ಭತ್ತದ ಗದ್ದೆಗಳಿಂದ ವರ್ಷಕ್ಕೆ 378 ಲಕ್ಷ ಟನ್ ಮೀಥೇನ್ ಹೊಮ್ಮುತ್ತದೆ ಎಂದು ಅಂದಾಜು ಮಾಡಿತ್ತು. ಆ ಅಂದಾಜಿಗಾಗಿ ಭಾರತದ ಗದ್ದೆಗೆ ಯಾರೂ ಇಳಿದಿರಲಿಲ್ಲ. ಯುರೋಪು, ಅಮೆರಿಕಗಳ ಗದ್ದೆಗಳಲ್ಲಿ ಸಿಕ್ಕ ಅಂಕಿಗಳನ್ನು ಇಲ್ಲಿನ ಒಟ್ಟು ಭತ್ತದ ವಿಸ್ತೀರ್ಣಕ್ಕೆ ಗುಣಿಸಲಾಗಿತ್ತು, ಅಷ್ಟೇ. ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ವಿಜ್ಞಾನಿ ಎ.ಪಿ. ಮಿತ್ರ ಮತ್ತು ಅವರ ಸಂಗಡಿಗರು 1991ರಲ್ಲಿ ದೇಶದ ಹಲವೆಡೆ ಗದ್ದೆಗಿಳಿದರು. ಭತ್ತದ ಬುಡಗಳ ಮೇಲೆ ಪಾರದರ್ಶಕ ಪೆಟ್ಟಿಗೆ ಕವುಚಿ, ಒಳಗೆ ಸೇರಿದ ಗಾಳಿಯನ್ನು ಸಿರಿಂಜಿನಿಂದ ಎಳೆದು, ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. ಸಿಕ್ಕ ಉತ್ತರ ವರ್ಷಕ್ಕೆ ಸುಮಾರು 40 ಲಕ್ಷ ಟನ್. ಮೊದಲಿನ ಅಂದಾಜಿನ ಒಂಬತ್ತನೇ ಒಂದು ಭಾಗ!

ಅದೇ 1991ರಲ್ಲಿ ಅನಿಲ್ ಅಗರವಾಲ್ ಮತ್ತು ಸುನೀತಾ ನಾರಾಯಣ್ ಅವರು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದಿಂದ ಪುಟ್ಟ ಪುಸ್ತಕವೊಂದನ್ನು ಹೊರತಂದರು. ಬಡ ರೈತ ಅನ್ನಕ್ಕಾಗಿ ಹೊಮ್ಮಿಸುವ ಮೀಥೇನನ್ನೂ ಸಿರಿವಂತನ ಕಾರು ಹೊಮ್ಮಿಸುವ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯವೆಂದು ಅವರು ವಾದಿಸಿದರು. ಬದುಕಿಗಾಗಿ ಹೊಮ್ಮುವುದು ಬೇರೆ, ಭೋಗಕ್ಕಾಗಿ ಹೊಮ್ಮುವುದು ಬೇರೆ ಎಂಬ ಭೇದ ಆಗ ಜಗತ್ತಿನ ಚರ್ಚೆಗೆ ಬಂತು. ಮೂರು ದಶಕಗಳು ಕಳೆದಿವೆ. ಪೆಟ್ಟಿಗೆ ಕವುಚಿ ಅಳೆಯುವ ಕೆಲಸ ಮಲೆನಾಡಿನ ಗದ್ದೆಗಳಲ್ಲಿ ಎಷ್ಟು ಆಗಬೇಕಿತ್ತೋ ಅಷ್ಟು ಆಗಿಲ್ಲ. ಲೆಕ್ಕ ಬರೆಯುವ ಕೆಲಸ ಮಾತ್ರ ಬಿರುಸಿನಿಂದ ಸಾಗಿದೆ.

ಲೆಕ್ಕ ಹೇಗೆ ನಡೆಯುತ್ತದೆಂದು ನೋಡಿದರೆ ವಿಷಯ ತಿಳಿಯಾಗುತ್ತದೆ. ಪ್ರತಿ ಗದ್ದೆಯನ್ನೂ ಅಳೆಯಲಾಗದು. ಹಾಗಾಗಿ ಹವಾಮಾನ ಬದಲಾವಣೆಯ ಅಂತರ್‌ಸರ್ಕಾರಿ ಸಮಿತಿ (ಐಪಿಸಿಸಿ) ಕೋಷ್ಟಕಗಳನ್ನು ಕೊಟ್ಟಿದೆ. 2006ರ ಮಾರ್ಗಸೂಚಿಯಲ್ಲಿ ಇಡೀ ಜಗತ್ತಿಗೆ ಒಂದೇ ಅಂಕಿ ಇತ್ತು: ಸೊಪ್ಪು, ಗೊಬ್ಬರ ಹಾಕದ, ಸದಾ ನೀರು ನಿಂತ ಗದ್ದೆಯಿಂದ ಹೆಕ್ಟೇರಿಗೆ ದಿನಕ್ಕೆ 1.30 ಕಿಲೋ ಮೀಥೇನ್. 2019ರ ಪರಿಷ್ಕರಣೆಯಲ್ಲಿ ದಕ್ಷಿಣ ಏಷ್ಯಾಕ್ಕೆ ಬೇರೆ ಅಂಕಿ ಬಂತು, 0.85 ಕಿಲೋ. ಮಳೆಯಾಶ್ರಿತ ಗದ್ದೆಯಾದರೆ ಇದನ್ನು 0.54ರಿಂದ ಗುಣಿಸಬೇಕು. 120 ದಿನದ ಬೆಳೆಯ ಒಂದು ಎಕರೆಗೆ ಇದನ್ನು ಹಚ್ಚಿ ನೋಡಿದರೆ ಹಳೆಯ ಜಾಗತಿಕ ಅಂಕಿಯ ಪ್ರಕಾರ ಸುಮಾರು 1,770 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ, ದಕ್ಷಿಣ ಏಷ್ಯಾದ ಅಂಕಿಯ ಪ್ರಕಾರ ಸುಮಾರು 1,160 ಕಿಲೋ, ಮಳೆಯಾಶ್ರಿತವೆಂದು ಗುರುತಿಸಿದರೆ ಸುಮಾರು 620 ಕಿಲೋ. ಗದ್ದೆ ಅದೇ, ಮಳೆ ಅದೇ, ಭತ್ತವೂ ಅದೇ. ಗುಮಾಸ್ತ ಯಾವ ಕಲಮಿಗೆ ಗೆರೆ ಎಳೆದ ಎಂಬುದರ ಮೇಲೆ ರೈತನ ‘ಅಪರಾಧ’ ಮೂರು ಪಟ್ಟು ಹೆಚ್ಚುತ್ತದೆ ಅಥವಾ ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ.

ಇನ್ನು ಮಲೆನಾಡಿನ ಗದ್ದೆ ಯಾವ ಕಲಮಿಗೆ ಸೇರಬೇಕು? ಕಾಗದದ ಪ್ರಕಾರ ಅದು ಮಳೆಯಾಶ್ರಿತ. ಕಣಿವೆಯ ತಳದಲ್ಲಿ ಒರತೆ ಒಸರುವ ಜೌಗು ಗದ್ದೆ ಆಷಾಢದಿಂದ ಕಾರ್ತಿಕದವರೆಗೆ ಒಣಗುವುದೇ ಇಲ್ಲ. ಅದೇ ಕಣಿವೆಯ ಮೇಲಿನ ಮಕ್ಕಿ ಗದ್ದೆ ನಾಲ್ಕು ದಿನ ಹೊಳವಾದರೆ ಬಿರುಕು ಬಿಡುತ್ತದೆ. ಒಂದೇ ಊರಿನ ಎರಡು ಗದ್ದೆಗಳ ನಡುವೆ ಇರುವ ಅಂತರವನ್ನು ಊರಿನವರು ಮಾತ್ರ ಹೇಳಬಲ್ಲರು, ಕೋಷ್ಟಕ ಹೇಳಲಾರದು.

ದನದ ಲೆಕ್ಕದಲ್ಲಿ ಇನ್ನೊಂದು ಚಮತ್ಕಾರವಿದೆ. ಪ್ರತಿ ಲೀಟರ್ ಹಾಲಿಗೆ ಎಷ್ಟು ಮೀಥೇನ್ ಎಂದು ಭಾಗಿಸುವುದು ಈಗಿನ ರೂಢಿ. ದಿನಕ್ಕೆ ಒಂದೆರಡು ಲೀಟರ್ ಕೊಡುವ ಮಲೆನಾಡು ಗಿಡ್ಡ ಈ ಭಾಗಾಕಾರದಲ್ಲಿ ಸೋಲಲೇಬೇಕು. ಹದಿನೈದು ಲೀಟರ್ ಕೊಡುವ ಮಿಶ್ರತಳಿ ಗೆಲ್ಲಲೇಬೇಕು. ಮಿಶ್ರತಳಿಗೆ ಬೇಕಾದ ಹಿಂಡಿ, ಆ ಹಿಂಡಿಗಾಗಿ ಬೆಳೆದ ಜೋಳ, ಆ ಜೋಳಕ್ಕೆ ಸುರಿದ ಯೂರಿಯಾ ಬೇರೆ ಪುಟದಲ್ಲಿರುತ್ತವೆ. ಗಿಡ್ಡ ಬೆಟ್ಟದಲ್ಲಿ ಮೇಯ್ದು ಕೊಟ್ಟಿಗೆಯಲ್ಲಿ ಸೊಪ್ಪು, ದರಕು ತುಳಿದು ಮಾಡಿಕೊಡುವ ಗೊಬ್ಬರವನ್ನು ಹಾಲಿನ ಲೆಕ್ಕದಲ್ಲಿ ಕೇಳುವವರೇ ಇಲ್ಲ. ಹಾಲಿಗಾಗಿ ಸಾಕಿದ ದನವೆಂದು ಭಾವಿಸಿದವರು ಬರೆದ ಲೆಕ್ಕ ಅದು. ಗೊಬ್ಬರಕ್ಕಾಗಿ ಸಾಕಿದವನನ್ನು ಕೇಳಿದ್ದರೆ ಭಾಗಾಕಾರ ಬೇರೆಯೇ ಆಗುತ್ತಿತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ. ಭಾರತ ಸರ್ಕಾರ 2024ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಗೆ ಸಲ್ಲಿಸಿದ ವರದಿಯ ಪ್ರಕಾರ 2020ರಲ್ಲಿ ದೇಶದ ಒಟ್ಟು ಹಸಿರುಮನೆ ಅನಿಲದಲ್ಲಿ ಕೃಷಿಯ ಪಾಲು ಶೇ. 14ಕ್ಕಿಂತ ಕಡಿಮೆ, ಇಂಧನ ವಲಯದ ಪಾಲು ಶೇ. 75ಕ್ಕೂ ಹೆಚ್ಚು. ಕೃಷಿಯ ಆ ಪಾಲಿನೊಳಗೂ ಎಲ್ಲರೂ ಸಮಾನರಲ್ಲ. 45 ಕಿಲೋದ ಒಂದು ಚೀಲ ಯೂರಿಯಾದಲ್ಲಿ 20.7 ಕಿಲೋ ಸಾರಜನಕವಿದೆ. ತೇವದ ಹವೆಯಿರುವ ಪ್ರದೇಶಗಳಲ್ಲಿ ರಾಸಾಯನಿಕ ಗೊಬ್ಬರದ ಸಾರಜನಕದಲ್ಲಿ ಶೇ. 1.6ರಷ್ಟು ನೈಟ್ರಸ್ ಆಕ್ಸೈಡಾಗಿ ಹಾರಿಹೋಗುತ್ತದೆ ಎನ್ನುತ್ತದೆ ಅದೇ 2019ರ ಪರಿಷ್ಕರಣೆ. ಎಂದರೆ ತೋಟಕ್ಕೋ ಜೋಳದ ಹೊಲಕ್ಕೋ ಎರಚಿದ ಒಂದೇ ಚೀಲದಿಂದ ಸುಮಾರು 142 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ. ಯೂರಿಯಾ ಕರಗುವಾಗ ಬಿಡುವ ಇನ್ನೊಂದು 33 ಕಿಲೋ ಬೇರೆ. ಅಷ್ಟೇ ಸಾರಜನಕ ಸಾವಯವ ಗೊಬ್ಬರದಿಂದ ಬಂದಿದ್ದರೆ ಕೋಷ್ಟಕದ ಪ್ರಕಾರ ನೈಟ್ರಸ್ ಆಕ್ಸೈಡಿನ ಲೆಕ್ಕ 53 ಕಿಲೋಗೆ ಮುಗಿಯುತ್ತಿತ್ತು. ಕಾರ್ಖಾನೆಯಲ್ಲಿ ನೈಸರ್ಗಿಕ ಅನಿಲ ಸುಟ್ಟು ಆ ಚೀಲ ತಯಾರಿಸಿದ ಹೊಗೆ ಕೃಷಿಯ ಖಾತೆಗೆ ಬರುವುದೇ ಇಲ್ಲ. 2022-23ರಲ್ಲಿ ಕೇಂದ್ರ ಸರ್ಕಾರ ರಸಗೊಬ್ಬರದ ಸಬ್ಸಿಡಿಗೆ ಕೊಟ್ಟ ಹಣ ಸುಮಾರು 2.5 ಲಕ್ಷ ಕೋಟಿ ರೂಪಾಯಿ. ದರಕು ಗುಡಿಸಿ, ಕರಡ ಕೊಯ್ದು, ಹೊರೆ ಹೊತ್ತು ಗೊಬ್ಬರ ಮಾಡುವ ಹೆಂಗಸಿನ ಕೂಲಿಗೆ ಯಾವ ಸಬ್ಸಿಡಿ?

ಇದೇ ಸರ್ಕಾರ 2021ರಲ್ಲಿ ಗ್ಲಾಸ್ಗೋದಲ್ಲಿ ಜಾಗತಿಕ ಮೀಥೇನ್ ಪ್ರತಿಜ್ಞೆಗೆ ಸಹಿ ಹಾಕಲಿಲ್ಲ. ಸಣ್ಣ ರೈತನ ಅನ್ನ ಮತ್ತು ದನದ ಪ್ರಶ್ನೆ ಅಡ್ಡವಿತ್ತು, ನಿಲುವು ಸರಿಯಾದದ್ದೇ. ಆದರೆ 2024ರ ಜನವರಿಯಲ್ಲಿ ಕೃಷಿ ಸಚಿವಾಲಯ ಕೃಷಿಯಲ್ಲಿ ಸ್ವಯಂಪ್ರೇರಿತ ಇಂಗಾಲ ಮಾರುಕಟ್ಟೆಯ ಚೌಕಟ್ಟನ್ನು ಬಿಡುಗಡೆ ಮಾಡಿತು. ಹೊರಗೆ ರೈತನ ಹೆಸರಿನಲ್ಲಿ ಸಹಿ ನಿರಾಕರಣೆ, ಒಳಗೆ ರೈತನಿಂದಲೇ ಕರಾರುಪತ್ರಕ್ಕೆ ಸಹಿ.

ಆ ಕರಾರಿನ ಗಣಿತವನ್ನು ಸಹಿಗೆ ಮುನ್ನ ತಿಳಿಯುವುದು ಒಳ್ಳೆಯದು. ಒಂದು ಟನ್ ಅನಿಲ ತಗ್ಗಿಸಿದರೆ ಒಂದು ಕ್ರೆಡಿಟ್. ಸದಾ ನೀರು ನಿಲ್ಲಿಸುವ ಒಂದು ಎಕರೆ ಗದ್ದೆಯನ್ನು ಹಲವು ಬಾರಿ ಬಸಿದು ಒಣಗಿಸಿದರೆ ಕೋಷ್ಟಕದ ಪ್ರಕಾರ ಮೀಥೇನ್ ಶೇ. 45ರಷ್ಟು ಇಳಿಯುತ್ತದೆ. ಅಂದರೆ ಸುಮಾರು 520 ಕಿಲೋ, ಅರ್ಧ ಕ್ರೆಡಿಟ್. ಒಣಗಿಸಿದಾಗ ಹೆಚ್ಚುವ ನೈಟ್ರಸ್ ಆಕ್ಸೈಡನ್ನು ಅದರಲ್ಲಿ ಕಳೆಯಬೇಕು. ಉಳಿದದ್ದರಲ್ಲಿ ಸರ್ವೆ ಮಾಡಿದವನಿಗೆ, ಪ್ರಮಾಣೀಕರಿಸಿದವನಿಗೆ, ದಲ್ಲಾಳಿಗೆ ಪಾಲು. ಎರಡೆಕರೆ ಹಿಡುವಳಿದಾರನ ಕೈಗೆ ಬರುವುದೇನು?

ಅದಕ್ಕಿಂತ ದೊಡ್ಡ ಅನ್ಯಾಯ ನಿಯಮದೊಳಗೇ ಅಡಗಿದೆ. ಕ್ರೆಡಿಟ್ ಸಿಗುವುದು ‘ಹೊಸದಾಗಿ’ ತಗ್ಗಿಸಿದವನಿಗೆ. ಹತ್ತು ವರ್ಷ ಯೂರಿಯಾ ಸುರಿದು ಈಗ ಅರ್ಧಕ್ಕೆ ಇಳಿಸಿದವನಿಗೆ ಹಣ ಬರುತ್ತದೆ. ಯೂರಿಯಾವನ್ನು ಎಂದೂ ಮುಟ್ಟದೆ ಸೊಪ್ಪಿನ ಗೊಬ್ಬರದಲ್ಲಿ ತೋಟ ಉಳಿಸಿಕೊಂಡವನಿಗೆ ತಗ್ಗಿಸಲು ಏನೂ ಇಲ್ಲ. ಆದ್ದರಿಂದ ಹಣವೂ ಇಲ್ಲ. ಮಣ್ಣಿನ ಇಂಗಾಲದ ಕರಾರುಗಳಾದರೆ ದಶಕಗಳ ಕಾಲ ಹೊಲವನ್ನು ಕಟ್ಟಿಹಾಕುತ್ತವೆ. ಕೊಂಡುಕೊಂಡ ಕಂಪನಿ ಆ ಕಾಗದ ತೋರಿಸಿ ತನ್ನ ಚಿಮಣಿಯನ್ನು ಉರಿಸುತ್ತಲೇ ಇರಬಹುದು. ಕಾಗದವಾದರೂ ಗಟ್ಟಿಯೇ? ಚೀನಾದಲ್ಲಿ ಗದ್ದೆಯ ಮೀಥೇನ್ ತಗ್ಗಿಸುತ್ತೇವೆಂದು ನೋಂದಾಯಿಸಿದ್ದ 37 ಯೋಜನೆಗಳನ್ನು 2024ರಲ್ಲಿ ವೆರಾ ಎಂಬ ಪ್ರಮಾಣೀಕರಣ ಸಂಸ್ಥೆಯೇ ತಿರಸ್ಕರಿಸಬೇಕಾಯಿತು. ಆ ಸಂಸ್ಥೆಯೇ ಮೊದಲು ನೋಂದಾಯಿಸಿಕೊಂಡಿದ್ದ ಯೋಜನೆಗಳವು.

ಬೆಟ್ಟದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನಬೆಟ್ಟದ ಸವಲತ್ತು ಇದೆ; ಒಡೆತನವಲ್ಲ, ಬಳಕೆಯ ಸವಲತ್ತು. ನಾಳೆ ಆ ಮರಗಳ ಇಂಗಾಲಕ್ಕೆ ಬೆಲೆ ಕಟ್ಟಿದರೆ ಅದು ಯಾರದು? 1980ರ ದಶಕದಲ್ಲಿ ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯನ್ನು ನೀಲಗಿರಿ ನೆಡಲು ಕರ್ನಾಟಕ ಪಲ್ಪ್‌ವುಡ್ಸ್ ಕಂಪನಿಗೆ ಕೊಡಲು ಹೊರಟಾಗಲೂ ಕಾಗದದಲ್ಲಿ ಅದು ಪಾಳುಭೂಮಿಯೇ ಆಗಿತ್ತು. 1987ರ ನವೆಂಬರಿನಲ್ಲಿ ಕುಸನೂರಿನ ಜನ ನೀಲಗಿರಿ ಕಿತ್ತು ಬೇರೆ ಸಸಿ ನೆಟ್ಟ ಮೇಲೆಯೇ ಅಲ್ಲಿ ಜನರಿದ್ದಾರೆಂಬುದು ಕಾಗದಕ್ಕೆ ತಿಳಿದದ್ದು.

ಇಷ್ಟೆಲ್ಲ ಹೇಳಿದ ಮೇಲೆ ಮಲೆನಾಡಿನವರು ತಮ್ಮ ಬೆನ್ನನ್ನು ತಾವೇ ತಟ್ಟಿಕೊಳ್ಳುವಂತಿಲ್ಲ. ದೇಸಿ ದನದಿಂದ ಮೀಥೇನೇ ಬರುವುದಿಲ್ಲ, ಸಾವಯವ ಗದ್ದೆ ಅನಿಲ ಬಿಡುವುದಿಲ್ಲ ಎಂದು ವೇದಿಕೆಗಳಲ್ಲಿ ಭಾಷಣ ಮಾಡುವವರಿದ್ದಾರೆ. ಅದು ಶುದ್ಧ ಸುಳ್ಳು. ಎದುರಾಳಿಗೆ ಕೊಟ್ಟ ಕೋಲು. ನಾಟಿಗೆ ತುಸು ಮುಂಚೆ ಹೆಕ್ಟೇರಿಗೆ 5 ಟನ್ ಒಣಹುಲ್ಲನ್ನು ಕೆಸರಿಗೆ ಹೂತರೆ ಮೀಥೇನ್ ಸುಮಾರು ಮೂರು ಪಟ್ಟಾಗುತ್ತದೆ. ಚೆನ್ನಾಗಿ ಕಳಿತ ಕಾಂಪೋಸ್ಟ್ 5 ಟನ್ ಹಾಕಿದರೆ ಒಂದೂವರೆ ಪಟ್ಟಿನೊಳಗೇ ಉಳಿಯುತ್ತದೆ. ಹಸಿ ಸೊಪ್ಪು ಇವೆರಡರ ನಡುವೆ ನಿಲ್ಲುತ್ತದೆ. ಕಳಿಸಿ ಹಾಕು ಎಂದು ಹಿರಿಯರು ಹೇಳುತ್ತಿದ್ದುದು ಇಳುವರಿಗಾಗಿ. ಅನಿಲಕ್ಕೂ ಅದೇ ಮದ್ದು. ಮಳೆನೀರು ತುಂಬಿ ಹುಳಿತುಹೋಗುವ ಸಗಣಿ ಗುಂಡಿಯೂ ಮೀಥೇನಿನ ಒಲೆಯೇ. ಆ ಸಗಣಿ ಗೋಬರ್ ಗ್ಯಾಸ್ ತೊಟ್ಟಿಗೆ ಹೋದರೆ ಅದೇ ಅನಿಲ ಅನ್ನ ಬೇಯಿಸುತ್ತದೆ. ಶಿರಸಿ ಸೀಮೆಯ ಗೋಬರ್ ಗ್ಯಾಸ್ ಯಶಸ್ಸನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2001ರಲ್ಲೇ ದಾಖಲಿಸಿದ್ದಾರೆ. ಸಿಲಿಂಡರ್ ಬಂದ ಮೇಲೆ ಮೂಲೆ ಸೇರಿದ, ಬಿರುಕು ಬಿಟ್ಟು ಸೋರುವ ತೊಟ್ಟಿಗಳನ್ನು ಸರಿಪಡಿಸಲು ಯಾವ ಇಂಗಾಲ ಮಾರುಕಟ್ಟೆಯೂ ಬೇಕಿಲ್ಲ.

ನೀರು ಬಸಿಯುವ ವಿಧಾನದ ಬಗ್ಗೆಯೂ ನೇರ ಮಾತು ಬೇಕು. ತೂತು ಕೊಳವೆಯೊಂದನ್ನು ಗದ್ದೆಯಲ್ಲಿ ಹುಗಿದು, ನೀರು ನೆಲಮಟ್ಟಕ್ಕಿಂತ 15 ಸೆಂಟಿಮೀಟರ್ ಕೆಳಗಿಳಿದ ಮೇಲೆ ಮತ್ತೆ ನೀರು ಹಾಯಿಸುವ ಕ್ರಮ ಭದ್ರಾ, ತುಂಗಭದ್ರಾ ಕಾಲುವೆಯ ಬಯಲಿಗೆ ಹೇಳಿಮಾಡಿಸಿದ್ದು. ನೀರೂ ಉಳಿಯುತ್ತದೆ. ಶ್ರಾವಣದ ಜಡಿಮಳೆಯಲ್ಲಿ ಆಗುಂಬೆಯ ಗದ್ದೆ ಒಣಗಿಸು ಎನ್ನುವುದು ಹುಚ್ಚು. ಅಲ್ಲಿ ಗೊಬ್ಬರದ ಹದ, ಯೂರಿಯಾದ ಮಿತಿ ಇವೇ ದಾರಿ.

ಈ ಗೊಂದಲದಲ್ಲಿ ಇನ್ನೊಂದು ಅಪಾಯ ಸದ್ದಿಲ್ಲದೆ ಬೆಳೆಯುತ್ತಿದೆ. ಗದ್ದೆ ಮುಚ್ಚಿ ಅಡಿಕೆ ಹಾಕಿದರೆ ಮೀಥೇನಿನ ಕಲಮು ಸೊನ್ನೆಯಾಗುತ್ತದೆ. ಕೋಷ್ಟಕ ನೋಡುವವನ ಕಣ್ಣಿಗೆ ಅದು ಸಾಧನೆ. ಮಳೆನೀರು ತಡೆದು ಇಂಗಿಸುತ್ತಿದ್ದ ಗದ್ದೆ ಹೋಯಿತು, ಮನೆಯ ಅಕ್ಕಿ ಹೋಯಿತು, ಬಿಳಿಹುಲ್ಲು ಹೋದ ಹಿಂದೆಯೇ ದನ ಹೋಯಿತು, ದನ ಹೋದ ಮೇಲೆ ಗೊಬ್ಬರದ ಬದಲು ಚೀಲ ಬಂತು. ಮೀಥೇನ್ ಇಳಿದ ಜಾಗದಲ್ಲಿ ನೈಟ್ರಸ್ ಆಕ್ಸೈಡ್ ಏರಿತು. ಮೀಥೇನ್ ವಾತಾವರಣದಲ್ಲಿ ಇರುವುದು ಸುಮಾರು 12 ವರ್ಷ. ನೈಟ್ರಸ್ ಆಕ್ಸೈಡ್ ನೂರಕ್ಕೂ ಹೆಚ್ಚು ವರ್ಷ.

ಆದ್ದರಿಂದ ಲೆಕ್ಕದ ಪುಸ್ತಕ ಊರಿನ ಕೈಯಲ್ಲಿರಬೇಕು. ಯಾವ ಗದ್ದೆಯಲ್ಲಿ ಎಷ್ಟು ದಿನ ನೀರು ನಿಂತಿತು, ಎಷ್ಟು ಹೊರೆ ಸೊಪ್ಪು ಹಸಿಯಾಗಿ ಹೋಯಿತು, ಎಷ್ಟು ಕಳಿತು ಹೋಯಿತು, ಊರಿಗೆ ಎಷ್ಟು ಚೀಲ ಯೂರಿಯಾ ಇಳಿಯಿತು, ಎಷ್ಟು ಗೋಬರ್ ಗ್ಯಾಸ್ ತೊಟ್ಟಿಗಳು ಉರಿಯುತ್ತಿವೆ ಎಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೂ ಒಂದು ನೋಟುಬುಕ್ಕಿನಲ್ಲಿ ಬರೆಯಬಲ್ಲರು. ಅನಿಲ ಅಳೆಯುವ ಪೆಟ್ಟಿಗೆಗಳನ್ನು ಜೌಗು ಗದ್ದೆಯಲ್ಲೂ ಮಕ್ಕಿ ಗದ್ದೆಯಲ್ಲೂ ನಾಟಿಯಿಂದ ಕೊಯ್ಲಿನವರೆಗೆ ಇಡಬೇಕಾದ ಹೊಣೆ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ್ದು, ಅದಕ್ಕೆ ಹಣ ಕೊಡಬೇಕಾದ ಹೊಣೆ ರಾಜ್ಯ ಸರ್ಕಾರದ್ದು. ಸಿಕ್ಕ ಅಂಕಿ ಮೊದಲು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಲ್ಪಡಬೇಕು. ಅದಕ್ಕೆ ಮುನ್ನ ಯಾವುದೇ ಇಂಗಾಲದ ಕರಾರು ಊರಿಗೆ ಬಂದರೂ ಅದನ್ನು ಗ್ರಾಮಸಭೆಯ ಮುಂದಿಡಬೇಕು. ಒಬ್ಬೊಬ್ಬರ ಮನೆಯ ಜಗಲಿಯಲ್ಲಿ ಕುಳಿತು ಸಹಿ ಹಾಕಿಸಿಕೊಳ್ಳಲು ಬಿಡಬಾರದು.