ಒಂದು ತರಹದ ಹುಡುಗ

ಕೆಲವು ಮಾತುಗಳ ಅರ್ಥ ನಿಘಂಟಿನಲ್ಲಿ ದೊರೆಯುವುದಿಲ್ಲ. ಆಡುವವರ ತುಟಿಯಂಚಿನ ನಗೆಯಲ್ಲಿ ದೊರೆಯುತ್ತದೆ. ‘ಅವನು ಒಂದು ತರಹ’ ಎಂಬುದು ಅಂಥದೊಂದು ಮಾತು. ಕೆಲವು ವರ್ಷಗಳ ಹಿಂದೆ ಕಾಲೇಜಿನ ವಾರ್ಷಿಕೋತ್ಸವದ ನಾಟಕಕ್ಕೆ ಪಾತ್ರಗಳನ್ನು ಹಂಚುತ್ತಿದ್ದಾಗ, ಮೃದು ದನಿಯ ವಿದ್ಯಾರ್ಥಿಯೊಬ್ಬನ ಸರದಿ ಬಂದೊಡನೆ ಯಾರೋ ಈ ಮಾತನ್ನಾಡಿದರು. ಎಲ್ಲರೂ ನಕ್ಕರು. ನಕ್ಕವರಲ್ಲಿ ನಾನೂ ಒಬ್ಬ. ಆ ಹುಡುಗನೂ ನಕ್ಕ. ಮರುದಿನದಿಂದ ಅವನು ಅಭ್ಯಾಸಕ್ಕೆ ಬರಲಿಲ್ಲ.

ಆ ನಗೆ ನನಗೆ ಮತ್ತೆ ಕೇಳಿಸಿದ್ದು ಶ್ಯಾಮ್ ಸೆಲ್ವದುರೈಯವರ ‘ಫನ್ನಿ ಬಾಯ್’ ಎಂಬ ಇಂಗ್ಲಿಷ್ ಕಾದಂಬರಿಯನ್ನು ಓದಿದಾಗ. 1965ರಲ್ಲಿ ಕೊಲಂಬೋದಲ್ಲಿ ಹುಟ್ಟಿ, 1983ರ ಗಲಭೆಗಳ ತರುವಾಯ ಕೆನಡಾ ಸೇರಿದ ಈ ಲೇಖಕರ ಕೃತಿ 1994ರಲ್ಲಿ ಪ್ರಕಟವಾಯಿತು.

ಕಥಾನಾಯಕ ಆರ್ಜಿ ಕೊಲಂಬೋದ ಅನುಕೂಲಸ್ಥ ತಮಿಳು ಮನೆತನದ ಬಾಲಕ. ಅಜ್ಜಿಯ ಮನೆಯಲ್ಲಿ ಗಂಡುಮಕ್ಕಳೆಲ್ಲ ಕ್ರಿಕೆಟ್ ಆಡುತ್ತಿದ್ದರೆ, ಇವನು ಹುಡುಗಿಯರೊಡನೆ ಮದುವೆಯಾಟವಾಡುತ್ತ ಸೀರೆಯುಟ್ಟು ಮದುಮಗಳಾಗುತ್ತಾನೆ. ಒಂದು ದಿನ ಬಂಧುವೊಬ್ಬಾಕೆ ಅದೇ ವೇಷದಲ್ಲಿ ಅವನನ್ನು ಹಿರಿಯರೆದುರಿಗೆ ಎಳೆದು ತರುತ್ತಾಳೆ. ನಗೆಯ ನಡುವೆ ‘ಫನ್ನಿ’ ಎಂಬ ಮಾತು ಹೊರಡುತ್ತದೆ. ನಮ್ಮ ‘ಒಂದು ತರಹ’ವೇ ಅದು! ಅದರ ಅರ್ಥವನ್ನು ಯಾರೂ ಅವನಿಗೆ ತಿಳಿಸುವುದಿಲ್ಲ. ತಾನಿನ್ನು ಆ ಆಟವನ್ನು ಏಕೆ ಆಡಬಾರದೆಂಬುದಕ್ಕೆ ತಾಯಿಯ ಬಳಿಯೂ ಉತ್ತರವಿಲ್ಲ. ಅವನಿಗೆ ತಿಳಿಯುವುದಿಷ್ಟೆ: ತನ್ನಲ್ಲಿ ಬಚ್ಚಿಡಬೇಕಾದುದೇನೋ ಇದೆ.

ಮುಂದೆ, ಮಗ ಗಂಡಸುತನವನ್ನು ಕಲಿಯಲೆಂದು ತಂದೆ ಅವನನ್ನು ಬೇರೆ ಶಾಲೆಗೆ ಸೇರಿಸುತ್ತಾನೆ. ಆರ್ಜಿಗೆ ಶೆಹಾನ್ ಎಂಬ ಸಿಂಹಳ ಸಹಪಾಠಿಯಲ್ಲಿ ಪ್ರೇಮ ಮೂಡುವುದು ಅಲ್ಲಿಯೇ. ಪ್ರೇಮದ ಬೆನ್ನಲ್ಲೇ ಅಪರಾಧಭಾವ. ಮನೆಯವರ ನಡುವೆ ಕುಳಿತರೂ ಕಣ್ಣಿಗೆ ಕಾಣದ ಒಂದು ಅಡ್ಡಗೋಡೆ.

ಬಳಿಕ 1983ರ ಜುಲೈ ಬರುತ್ತದೆ. ತಮಿಳರ ಮನೆಗಳಿಗೆ ಬೆಂಕಿ ಬೀಳುತ್ತದೆ. ಆರ್ಜಿಯ ಮನೆಯವರು ಗುಂಪಿನ ಭಯದಿಂದ ನೆರೆಮನೆಯಲ್ಲಿ ಅಡಗಿಕೊಳ್ಳುತ್ತಾರೆ. ಪುಸ್ತಕ ಮುಚ್ಚಿಟ್ಟ ಮೇಲೂ ನನ್ನನ್ನು ಕಾಡಿದ್ದು ಈ ಸನ್ನಿವೇಶ. ತಾವು ಬಯಸಿ ಪಡೆಯದ ಒಂದು ಗುಣಕ್ಕಾಗಿ ಅಡಗಿ ಕೂರುವುದೆಂದರೇನೆಂದು ಆ ಹಿರಿಯರು ಅಂದು ಅರಿತರು. ಅವರ ಮಗ್ಗುಲಲ್ಲಿದ್ದ ಹುಡುಗನಾದರೋ ಅದನ್ನು ಎಷ್ಟೋ ವರ್ಷಗಳಿಂದ ಬಲ್ಲ. ಅವನು ಅಡಗಿದ್ದುದು ಅವರಿಂದಲೇ!

ಇದು ಪರದೇಶದ ಕಥೆಯೆಂದು ನಾವು ನಿಶ್ಚಿಂತರಾಗುವಂತಿಲ್ಲ. ಕನ್ನಡದಲ್ಲಿಯೂ ವಸುಧೇಂದ್ರರ ‘ಮೋಹನಸ್ವಾಮಿ’ (2013) ಸಲಿಂಗಪ್ರೇಮಿಯೊಬ್ಬನ ಬಾಳನ್ನು ನಮ್ಮ ಊರುಕೇರಿಗಳ ನಡುವೆಯೇ ತೆರೆದಿಟ್ಟಿತು. ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವು ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. ಆದರೆ ನಡುಮನೆಯ ನಗೆಯನ್ನು ನಿಲ್ಲಿಸುವ ಅಧಿಕಾರ ಯಾವ ನ್ಯಾಯಾಲಯಕ್ಕೂ ಇಲ್ಲ. ಅದು ನಮಗೆ ಮಾತ್ರ ಉಂಟು.

ನಮ್ಮ ಆ ವಿದ್ಯಾರ್ಥಿ ಓದು ಮುಗಿಸಿ ಹೊರಟುಹೋದ. ಅವನು ಆರ್ಜಿಯಂಥವನೋ ಅಲ್ಲವೋ ನಾನರಿಯೆ. ಅರಿಯಬೇಕಾದ ಅಗತ್ಯವೂ ಇಲ್ಲ. ಮೃದು ದನಿಯೊಂದನ್ನು ಹಿಡಿದು ನಾವು ಊಹಿಸಹೊರಟದ್ದೇ ತಪ್ಪು. ಆದರೆ, ಅಂದು ಅವನೂ ನಮ್ಮೊಡನೆ ಏಕೆ ನಕ್ಕನೆಂಬುದು ನನಗೆ ಈಗ ಅರ್ಥವಾಗಿದೆ.