ಹುಟ್ಟೂರಿನ ಚರಿತ್ರೆಯನ್ನು ಬರೆಯುವವರಾರು?

ಉದ್ಯೋಗಕ್ಕಾಗಿ ಊರು ಬಿಟ್ಟು ಮಹಾನಗರವನ್ನು ಸೇರಿದ ಕನ್ನಡಿಗನನ್ನು "ತಮ್ಮದು ಯಾವ ಊರು?" ಎಂದು ಕೇಳಿದರೆ ಅವನು ಮೊದಲು ಜಿಲ್ಲೆಯ ಹೆಸರನ್ನು ಹೇಳುತ್ತಾನೆ. ಕೇಳಿದವರು ಅದೇ ಸೀಮೆಯವರೆಂದು ತಿಳಿದರೆ ತಾಲೂಕಿನ ಹೆಸರು; ಊರಿನ ಹೆಸರು ಬರುವುದು ಕಟ್ಟಕಡೆಗೆ. ಅವನ ಮಕ್ಕಳು ಜಿಲ್ಲೆಯ ಹೆಸರಿಗೇ ನಿಲ್ಲುತ್ತಾರೆ. ಮೊಮ್ಮಕ್ಕಳಿಗೆ ಅದರ ಅಗತ್ಯವೂ ತೋರುವುದಿಲ್ಲ. ಹೀಗೆ ಎರಡೇ ತಲೆಮಾರುಗಳಲ್ಲಿ ಒಂದು ಊರು ಒಂದು ಮನೆತನದ ನೆನಪಿನಿಂದ ಅಳಿಸಿಹೋಗುತ್ತದೆ. ಇದನ್ನು ತಡೆಯಲು ಊರಿನ ಮೇಲಿನ ಅಭಿಮಾನವೊಂದೇ ಸಾಲದು. ಊರಿನ ನೆಲ, ನೀರು, ಜನ ಇವುಗಳ ಚರಿತ್ರೆಯನ್ನು ಬರೆದಿಡುವ ಶ್ರಮವೂ ಬೇಕು.

ಪುಣೆಯ ಕನ್ನಡಿಗರಿಗೆ ಇಂಥ ಶ್ರಮದ ಮಾದರಿ ದೂರದಲ್ಲಿಲ್ಲ. ಯೆರವಡಾ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಅಲ್ಲಿಯ ಕಾರಾಗೃಹ ಮತ್ತು 1932ರ ಪುಣೆ ಒಪ್ಪಂದ. ಅದೇ ಯೆರವಡಾದಲ್ಲಿ ಡೆಕ್ಕನ್ ಕಾಲೇಜು ಇದೆ. 1821ರಲ್ಲಿ ಸಂಸ್ಕೃತ ವಿದ್ಯಾಲಯವಾಗಿ ಆರಂಭಗೊಂಡು, 1934ರಲ್ಲಿ ಮುಚ್ಚಲ್ಪಟ್ಟು, 1939ರಲ್ಲಿ ಸಂಶೋಧನ ಸಂಸ್ಥೆಯಾಗಿ ಮರುಹುಟ್ಟು ಪಡೆದ ಈ ವಿದ್ಯಾಲಯದ ವಿದ್ವಾಂಸರು ಕರ್ನಾಟಕದ ಅನೇಕ ಚಿಕ್ಕ ಹಳ್ಳಿಗಳ ಹೊಲಗದ್ದೆಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿದ್ದಾರೆ. ಬಳ್ಳಾರಿ ಸೀಮೆಯ ಸಂಗನಕಲ್ಲು, ತೆಕ್ಕಲಕೋಟೆ, ಸುರಪುರ ಸೀಮೆಯ ಹುಣಸಗಿ, ಇಸಾಂಪುರ, ಬೂದಿಹಾಳ ಇವೆಲ್ಲ ವಿದ್ವತ್ಪ್ರಪಂಚಕ್ಕೆ ಪರಿಚಿತವಾದುದರಲ್ಲಿ ಯೆರವಡಾದ ಪಾಲು ದೊಡ್ಡದು.

ಬೂದಿಹಾಳದ ಉದಾಹರಣೆಯನ್ನೇ ನೋಡಬಹುದು. ಊರಿನ ಹೆಸರಿನಲ್ಲಿಯೇ ಬೂದಿ ಇದೆ. ಕೃಷ್ಣಾ, ತುಂಗಭದ್ರಾ ನದಿಗಳ ಸೀಮೆಯಲ್ಲಿ ಹಲವೆಡೆ ಇಂಥ ಬೂದಿದಿಬ್ಬಗಳಿವೆ. ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನು ಜನರು ವಾಲಿಯ ಚಿತೆಯ ಬೂದಿಯೆಂದೇ ನಂಬಿದ್ದಾರೆ. ಇವು ನವಶಿಲಾಯುಗದ ಪಶುಪಾಲಕರ ದೊಡ್ಡಿಗಳಲ್ಲಿ ರಾಶಿಬಿದ್ದು, ಮತ್ತೆ ಮತ್ತೆ ಸುಡಲ್ಪಟ್ಟ ಸಗಣಿಯ ಬೂದಿಯೆಂಬುದನ್ನು ರೇಮಂಡ್ ಆಲ್ಚಿನ್ ಅವರು 1963ರ ಗ್ರಂಥದಲ್ಲಿ ವಿವರಿಸಿದರು. ಮುಂದೆ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯನವರು ಬೂದಿಹಾಳದಲ್ಲಿ ಉತ್ಖನನ ನಡೆಸಿದಾಗ ದನದ ದೊಡ್ಡಿಯ ಪಕ್ಕದಲ್ಲೇ ಜನವಸತಿ, ಪ್ರಾಣಿಗಳನ್ನು ಕಡಿದು ಹಂಚಿಕೊಳ್ಳುತ್ತಿದ್ದ ನೆಲ, ಮಕ್ಕಳ ಸಮಾಧಿಗಳು ಇವೆಲ್ಲ ಬೆಳಕಿಗೆ ಬಂದವು. ಸುಮಾರು 4000 ವರ್ಷಗಳ ಹಿಂದಿನ ಒಂದು ಪುಟ್ಟ ಹಳ್ಳಿಯ ಬಾಳು ಕಣ್ಣೆದುರಿಗೆ ನಿಂತಿತು. ದಿಬ್ಬದಲ್ಲಿರುವುದು ಬೂದಿಯೆಂಬುದನ್ನು ವಿದ್ವಾಂಸರಿಗಿಂತ ಮೊದಲೇ ಊರಿನ ಹೆಸರು ಹೇಳಿತ್ತೆಂಬುದು ಇಲ್ಲಿ ಗಮನಿಸತಕ್ಕ ಸಂಗತಿ.

ಇಷ್ಟಾದರೂ ಈ ಸಂಶೋಧನೆಯ ಬಹುಭಾಗ ಇಂಗ್ಲಿಷಿನಲ್ಲಿದೆ. ದಿಬ್ಬದ ಬೂದಿಯನ್ನು ಗೊಬ್ಬರವೆಂದು ಗಾಡಿಗೆ ತುಂಬುವ ರೈತನಿಗೆ ಅದು ತಲುಪುವುದು ಹೇಗೆ? ತಾನು ಒಯ್ಯುತ್ತಿರುವುದು ತನ್ನ ನೆಲದ ಚರಿತ್ರೆಯ ಪುಟಗಳನ್ನು ಎಂದು ಅವನಿಗೆ ಯಾರೂ ಅವನ ಮಾತಿನಲ್ಲಿ ಹೇಳದಿದ್ದರೆ ತಪ್ಪು ಅವನದಲ್ಲ. ಯೆರವಡಾದ ಗ್ರಂಥಭಂಡಾರಕ್ಕೂ ಸುರಪುರದ ಹೊಲಕ್ಕೂ ನಡುವೆ ನಿಲ್ಲಬಲ್ಲವರು ಎರಡನ್ನೂ ಬಲ್ಲ ಪುಣೆಯ ಕನ್ನಡಿಗರೇ.

ಇತಿಹಾಸವೆಂದರೆ ಪ್ರಾಚೀನ ಕಾಲವಷ್ಟೇ ಅಲ್ಲ. ಪುಣೆಯ ಕೃಷಿ ಕಾಲೇಜಿನ ಪ್ರಾಚಾರ್ಯರಾಗಿದ್ದ ಹೆರಾಲ್ಡ್ ಮ್ಯಾನ್ ಅವರು ಪಿಂಪಳೆ ಸೌದಾಗರ್ ಎಂಬ ಹಳ್ಳಿಯ ಮಣ್ಣು, ಬಾವಿ, ಬೆಳೆ, ಸಾಲ ಇವುಗಳನ್ನು ಮನೆಮನೆಗೆ ಹೋಗಿ ವಿಚಾರಿಸಿ 1917ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. 1771ರಲ್ಲಿ ಸರಾಸರಿ 40 ಎಕರೆ ಇದ್ದ ಹಿಡುವಳಿಯು 1914-15ರ ಹೊತ್ತಿಗೆ 7 ಎಕರೆಗೆ ಇಳಿದಿತ್ತೆಂದು ಅವರು ತೋರಿಸಿದರು. ಜನರು ಹಳ್ಳಿಯನ್ನು ಏಕೆ ಬಿಡುತ್ತಾರೆಂಬ ಪ್ರಶ್ನೆಗೆ ಈ ಎರಡು ಅಂಕೆಗಳಿಗಿಂತ ಸ್ಪಷ್ಟವಾದ ಉತ್ತರ ಬೇಕೆ? ಇಂದು ಆ ಹಳ್ಳಿ ಪಿಂಪರಿ-ಚಿಂಚವಡ ಮಹಾನಗರದ ಬಹುಮಹಡಿ ಕಟ್ಟಡಗಳ ನಡುವೆ ಕರಗಿಹೋಗಿದೆ. ಅಂದಿನ ಹೊಲ, ಬಾವಿಗಳ ಲೆಕ್ಕ ಉಳಿದಿರುವುದು ಆ ಗ್ರಂಥದಲ್ಲಿ ಮಾತ್ರ.

ಊರಿನ ಭೂಗೋಲವನ್ನು ಅರಿಯುವುದು ಆರೋಗ್ಯದ ಪ್ರಶ್ನೆಯೂ ಹೌದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ, ಸಾಗರ ಸೀಮೆಯಲ್ಲಿ ಮಂಗಗಳು ಸತ್ತು, ಜನರಿಗೆ ತೀವ್ರ ಜ್ವರ ಬಂದಾಗ ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಅಲ್ಲಿಗೆ ಧಾವಿಸಿದರು. ರೋಗಾಣುವನ್ನು ಗುರುತಿಸಿ ಕ್ಯಾಸನೂರು ಕಾಡಿನ ಹೆಸರಿಟ್ಟರು. ರೋಗಿಯ ರಕ್ತವನ್ನಷ್ಟೇ ಪರೀಕ್ಷಿಸಿದ್ದರೆ ರೋಗದ ಹಾದಿ ತಿಳಿಯುತ್ತಿರಲಿಲ್ಲ; ಕಾಡಿನ ಅಂಚು, ಮೇಯುವ ದನ, ಉಣುಗು, ಮಂಗ, ಸೌದೆಗೆ ಹೋಗುವ ಜನ ಇವರೆಲ್ಲರ ಸಂಬಂಧವನ್ನು ಅರಿಯಬೇಕಾಯಿತು. ಜನರ ಬಾಯಲ್ಲಿ ಅದು "ಮಂಗನ ಕಾಯಿಲೆ". ಬೂದಿಹಾಳದಂತೆ ಇಲ್ಲಿಯೂ ಹಳ್ಳಿಗರಿಟ್ಟ ಹೆಸರಿನಲ್ಲಿ ಅರ್ಧ ಸತ್ಯವಾದರೂ ಅಡಗಿತ್ತು.

ಇದೆಲ್ಲ ಪಂಡಿತರ ಕೆಲಸವೆಂದು ಕೆಲವರು ಆಕ್ಷೇಪಿಸಬಹುದು. ನೆಲವನ್ನು ಅಗೆಯುವುದು, ಶಾಸನವನ್ನು ಓದುವುದು ತಜ್ಞರಿಗೆ ಮೀಸಲು, ನಿಜ. ಆದರೆ ಹೊಲಗಳ ಹೆಸರು, ಬತ್ತಿದ ಹಳ್ಳ, ಒಡೆದ ಕೆರೆಯ ಕೋಡಿ, ದಾರಿಬದಿಯ ವೀರಗಲ್ಲು, ಪ್ಲೇಗಿನ ಕಾಲದಲ್ಲಿ ಊರ ಹೊರಗೆ ಗುಡಿಸಲು ಹಾಕಿದ ಜಾಗ, 1918ರ ಇನ್‌ಫ್ಲುಯೆಂಜಾ ಜ್ವರದ ಬಗ್ಗೆ ಹಿರಿಯರು ಹೇಳಿಹೋದ ಮಾತು ಇವುಗಳನ್ನು ಬರೆದುಕೊಳ್ಳಲು ಪದವಿ ಬೇಕಿಲ್ಲ. ರಜೆಯಲ್ಲಿ ಊರಿಗೆ ಹೋದವನು ಒಂದು ನೋಟುಪುಸ್ತಕ ಹಿಡಿದು ಹಿರಿಯರ ಕಟ್ಟೆಯ ಮೇಲೆ ನಾಲ್ಕು ಸಂಜೆ ಕುಳಿತರೆ ಕೆಲಸ ಆರಂಭವಾದಂತೆ. ಹೆಂಗಸರನ್ನೂ ಕೇಳಬೇಕು. ಯಾವ ಬಾವಿಯ ನೀರು ಸಿಹಿ, ಯಾವ ಬೇಸಗೆಯಲ್ಲಿ ಎಷ್ಟು ದೂರ ಕೊಡ ಹೊತ್ತರೆಂಬುದು ಅವರಿಗೇ ಚೆನ್ನಾಗಿ ಗೊತ್ತು.

ಆದರೆ ಒಂದು ಎಚ್ಚರ ಅಗತ್ಯ. ಸ್ಥಳಪುರಾಣ ಬೇರೆ, ಸ್ಥಳಚರಿತ್ರೆ ಬೇರೆ. ಪುರಾಣವನ್ನು ಪುರಾಣವೆಂದೇ ಬರೆದಿಡಬೇಕು, ಕಣ್ಣಾರೆ ಕಂಡುದನ್ನು ಕಂಡುದೆಂದು. ಊರಿನ ಕೀರ್ತಿಯನ್ನು ಬರೆಯುವವನು ಊರಿನ ಕುಂದನ್ನು ಮುಚ್ಚಬಾರದು. ಯಾವ ಕೇರಿಯವರಿಗೆ ಯಾವ ಬಾವಿಯ ನೀರು ಸಿಗುತ್ತಿರಲಿಲ್ಲ ಎಂಬುದನ್ನು ಬಿಟ್ಟು ಬರೆದದ್ದು ಚರಿತ್ರೆಯಲ್ಲ, ಹೊಗಳಿಕೆ ಮಾತ್ರ.

ಕನ್ನಡ ಸಂಘಗಳು ವರ್ಷಕ್ಕೊಂದು ಊರನ್ನು ಆರಿಸಿಕೊಂಡು, ಅಲ್ಲಿಂದ ಬಂದ ಕುಟುಂಬಗಳಿಂದಲೇ ಅದರ ಚರಿತ್ರೆಯನ್ನು ಬರೆಯಿಸಿ ತಮ್ಮ ಸಂಚಿಕೆಗಳಲ್ಲಿ ಪ್ರಕಟಿಸಬೇಕು. ಅದರ ಪ್ರತಿಯೊಂದನ್ನು ಆ ಊರಿನ ಶಾಲೆಗೆ ಕಳುಹಿಸುವುದನ್ನು ಮರೆಯಬಾರದು. ಊರಿನಿಂದ ಪಡೆದ ಅನ್ನದ ಋಣವನ್ನು ಹಣ ಕಳುಹಿಸಿ ತೀರಿಸುವವರಿದ್ದಾರೆ, ಗುಡಿಯ ಜೀರ್ಣೋದ್ಧಾರಕ್ಕೆ ಕಾಣಿಕೆ ಕೊಡುವವರಿದ್ದಾರೆ. ಅವೆಲ್ಲ ಮೆಚ್ಚತಕ್ಕವೇ. ಆದರೆ ಗುಡಿಯನ್ನು ಮುಂದಿನವರೂ ಕಟ್ಟಿಸಬಲ್ಲರು. ಇಂದು ಎಂಬತ್ತು ದಾಟಿದ ಹಿರಿಯರ ನೆನಪನ್ನು ಮುಂದಿನವರು ಎಲ್ಲಿಂದ ತಂದಾರು?